ರಾಜಿ ಎಲ್ಲಿಂದ ಬರುತ್ತದೆ: ತಾಯಿ-ಮಗಳ ಮುನಿಸಿನ ನಾಲ್ಕು ಚಿತ್ರಗಳು

ತಾಯಿ-ಮಗಳ ನಡುವಿನ ಮುನಿಸನ್ನು ಕುರಿತ ಚಿತ್ರ ಶುರುವಾಗಿ ಹತ್ತು ನಿಮಿಷ ಕಳೆಯುವುದರೊಳಗೆ ನಾನು ಯಾರಾದರೊಬ್ಬರ ಪಕ್ಷ ವಹಿಸಿಬಿಟ್ಟಿರುತ್ತೇನೆ. ಈ ದುರಭ್ಯಾಸವನ್ನು ಪರೀಕ್ಷಿಸಿಕೊಳ್ಳಲೆಂದೇ ಇತ್ತೀಚೆಗೆ ನಾಲ್ಕು ಚಿತ್ರಗಳನ್ನು ಎರಡೆರಡು ಬಾರಿ ನೋಡಿದೆ. ಮೊದಲ ಸಲ ಮಗಳ ಮಾತಿಗೆ ಕಿವಿಗೊಟ್ಟೆ, ಎರಡನೆಯ ಸಲ ತಾಯಿಯ ಮುಖದ ಮೇಲೆ ಕಣ್ಣಿಟ್ಟೆ. ನನಗೆ ವಯಸ್ಸಾದ ತಾಯಿಯೂ 17 ವರ್ಷದ ಮಗಳೂ ಇರುವುದರಿಂದ ಎರಡು ಕಡೆಯ ವಾದಗಳೂ ನನಗೆ ಹೊಸವಲ್ಲ. ಅಭಿನಯ ನಾಲ್ಕರಲ್ಲೂ ಶ್ರೇಷ್ಠವೇ ಆದ್ದರಿಂದ ಅದನ್ನು ಅಳತೆಗೋಲಾಗಿ ಬಳಸಲಿಲ್ಲ. ಕೊನೆಗೆ ಇವರಿಬ್ಬರ ನಡುವೆ ರಾಜಿ ಎಂಬುದು ಆದರೆ ಅದು ಎಲ್ಲಿಂದ ಬಂತು ಎಂಬುದೊಂದನ್ನೇ ನೋಡಿದೆ.

ಇಂಗ್ಮಾರ್ ಬರ್ಗ್‌ಮನ್ ನಿರ್ದೇಶಿಸಿದ 1978ರ ಸ್ವೀಡಿಷ್ ಚಿತ್ರ ‘ಆಟಮ್ ಸೊನಾಟಾ’ದಿಂದ ಆರಂಭಿಸಿದೆ. ಹೆಸರಾಂತ ಪಿಯಾನೋ ವಾದಕಿ ಶಾರ್ಲೆಟ್ ಏಳು ವರ್ಷಗಳ ನಂತರ ಮಗಳು ಈವಾಳ ಮನೆಗೆ ಬರುತ್ತಾಳೆ. ಇಂಗ್ರಿಡ್ ಬರ್ಗ್‌ಮನ್ ತಾಯಿ, ಲಿವ್ ಉಲ್ಮನ್ ಮಗಳು. ನಡುರಾತ್ರಿಯ ಜಗಳವನ್ನೇ ಎಲ್ಲರೂ ನೆನೆಯುತ್ತಾರಾದರೂ ಇಡೀ ಚಿತ್ರ ಅಡಗಿರುವುದು ಅದಕ್ಕೂ ಮುಂಚಿನ ಪಿಯಾನೋ ದೃಶ್ಯದಲ್ಲಿ ಎಂದು ನನಗೆ ಅನಿಸುತ್ತದೆ. ಮಗಳು ಸಂಗೀತ ಸಂಯೋಜಕ ಶೋಪನ್‌ನ ಒಂದು ಪ್ರಿಲ್ಯೂಡನ್ನು, ಅಂದರೆ ಪುಟ್ಟ ಪಿಯಾನೋ ಕೃತಿಯನ್ನು, ತಡವರಿಸುತ್ತ ನುಡಿಸುತ್ತಾಳೆ, ತಾಯಿಯ ಮುಖದಲ್ಲಿ ಮರುಕ, ಮುಜುಗರ, ಅಸಹನೆ ಒಂದರ ಹಿಂದೊಂದು ಸರಿದುಹೋಗುತ್ತವೆ. ಬಳಿಕ ತಾಯಿ ಅದೇ ಕೃತಿಯನ್ನು ವಿವರಿಸುತ್ತ ತಾನೇ ನುಡಿಸತೊಡಗಿದಾಗ, ಪಕ್ಕದಲ್ಲಿ ಕುಳಿತ ಮಗಳು ಕೀಲಿಮಣೆಯನ್ನು ಬಿಟ್ಟು ತಾಯಿಯ ಮುಖವನ್ನೇ ನೋಡುತ್ತಾಳೆ. ಮೊದಲ ಸಲ ನೋಡಿದಾಗ ನನಗೆ ಆ ತಾಯಿಯ ಮೇಲೆ ಸಿಟ್ಟು ಬಂದಿತ್ತು. ತನ್ನ ಬಾಲ್ಯದಲ್ಲಿ ಯಾರೂ ತನ್ನನ್ನು ಮುಟ್ಟಿ ಮುದ್ದಿಸಿದ ನೆನಪಿಲ್ಲವೆಂದು ಆಕೆ ಹೇಳಿಕೊಳ್ಳುವ ಮಾತು ಎರಡನೆಯ ಸಲವಷ್ಟೇ ಕಿವಿಗೆ ಬಿತ್ತು, ಮೊದಲ ಸಲ ಅದನ್ನು ನೆಪವೆಂದು ತಳ್ಳಿಹಾಕಿದ್ದೆ. ಇಲ್ಲಿ ರಾಜಿಯಿಲ್ಲ. ತಾಯಿ ಅವಸರದಲ್ಲಿ ಹೊರಟುಹೋಗುತ್ತಾಳೆ, ಮಗಳು ಪತ್ರ ಬರೆಯುತ್ತಾಳೆ, ಅಷ್ಟೇ.

ಇದರ ಪಕ್ಕದಲ್ಲಿಟ್ಟು ನೋಡಬೇಕಾದದ್ದು ಋತುಪರ್ಣ ಘೋಷ್ ಅವರ 1994ರ ಬಂಗಾಳಿ ಚಿತ್ರ ‘ಉನಿಶೇ ಏಪ್ರಿಲ್’ (ಅಂದರೆ ಏಪ್ರಿಲ್ 19). ಇಲ್ಲಿಯೂ ತಾಯಿ ಕಲಾವಿದೆಯೇ: ಅಪರ್ಣಾ ಸೇನ್ ಅಭಿನಯಿಸಿದ ನೃತ್ಯಗಾರ್ತಿ ಸರೋಜಿನಿ. ದೇಬಶ್ರೀ ರಾಯ್ ಅಭಿನಯಿಸಿದ ಮಗಳು ಅದಿತಿ ವೈದ್ಯೆ. ಶೀರ್ಷಿಕೆಯ ದಿನಾಂಕ ತಂದೆ ತೀರಿಕೊಂಡ ದಿನದ್ದು. ಆ ದಿನವೇ ತಾಯಿಗೆ ಪ್ರಶಸ್ತಿಯ ಸುದ್ದಿ ಬಂದು ಮನೆ ತುಂಬ ಸಂಭ್ರಮ. ತಂದೆಯ ನೆನಪು ತನ್ನೊಬ್ಬಳಿಗೇ ಇದೆಯೆಂದು ಮಗಳು ಒಳಗೊಳಗೇ ಕುದಿಯುತ್ತಾಳೆ. ಎರಡೂ ಚಿತ್ರಗಳಲ್ಲಿ ಒಂದೇ ರಾತ್ರಿಯಲ್ಲಿ ಎಲ್ಲವೂ ಹೊರಬೀಳುತ್ತದೆ. ವ್ಯತ್ಯಾಸವೆಂದರೆ ಬರ್ಗ್‌ಮನ್ನನ ರಾತ್ರಿಯಲ್ಲಿ ಮಗಳು ಆರೋಪಪಟ್ಟಿ ಓದುತ್ತಾಳೆ, ಘೋಷ್ ಅವರ ರಾತ್ರಿಯಲ್ಲಿ ಮಗಳ ಲೆಕ್ಕವೇ ತಪ್ಪಿತ್ತೆಂದು ನಿಧಾನವಾಗಿ ತಿಳಿದುಬರುತ್ತದೆ. ಹೆಂಡತಿಯ ಹೆಸರು ತನ್ನದಕ್ಕಿಂತ ದೊಡ್ಡದಾದದ್ದನ್ನು ಸಹಿಸಲಾಗದ ಗಂಡನೊಬ್ಬ ಆ ತಂದೆಯ ಫೋಟೊದ ಹಿಂದೆ ಇದ್ದ. ಎದುರುಬದುರು ಕುಳಿತು ಪೂರ್ತಿ ಮಾತಾಡಿ ಮುಗಿಸುವ ಧೈರ್ಯ ಈ ನಾಲ್ಕರಲ್ಲಿ ಇದೊಂದಕ್ಕೇ ಇದೆ. ಆದರೂ ತಾಯಿಯನ್ನು ನಿರ್ದೋಷಿಯಾಗಿಸಲು ಸತ್ತವನ ಮೇಲೆ ಹೊರೆ ತುಸು ಹೆಚ್ಚೇ ಬಿತ್ತೇನೋ ಎಂಬ ಅನುಮಾನ ಎರಡನೆಯ ವೀಕ್ಷಣೆಯಲ್ಲೂ ಹೋಗಲಿಲ್ಲ.

‘ಟರ್ಮ್ಸ್ ಆಫ್ ಎಂಡಿಯರ್‌ಮೆಂಟ್’ (1983) ಅತ್ಯುತ್ತಮ ಚಿತ್ರವೂ ಸೇರಿ ಐದು ಆಸ್ಕರ್ ಪಡೆದಿದ್ದರೂ ನನ್ನ ಪಟ್ಟಿಯಲ್ಲಿ ಕೊನೆಯದು. ಮಗು ಉಸಿರಾಡುತ್ತಿಲ್ಲವೇನೋ ಎಂಬ ದಿಗಿಲಿನಿಂದ ತಾಯಿ ತೊಟ್ಟಿಲೊಳಕ್ಕೇ ಹತ್ತಿ, ಅದು ಅತ್ತ ಮೇಲಷ್ಟೇ ನೆಮ್ಮದಿಯಾಗುವ ಆರಂಭದ ದೃಶ್ಯ ಅಪ್ಪಟ ಚಿನ್ನ. ಆದರೆ ಕೊನೆಯ ಭಾಗದಲ್ಲಿ ಮಗಳಿಗೆ ಕ್ಯಾನ್ಸರ್ ಬರುತ್ತದೆ, ರಾಜಿಯ ಕೆಲಸವನ್ನೆಲ್ಲ ಕಾಯಿಲೆಯೇ ಮಾಡಿಮುಗಿಸುತ್ತದೆ. ಎರಡು ಸಲವೂ ಅತ್ತೆ, ಎರಡು ಸಲವೂ ಮೋಸಹೋದೆನೆಂದುಕೊಂಡೆ.

ಗ್ರೇಟಾ ಗರ್ವಿಗ್ ಅವರ ‘ಲೇಡಿ ಬರ್ಡ್’ (2017) ಇವುಗಳಲ್ಲೆಲ್ಲ ಹಗುರವಾಗಿ ಕಾಣುವ ಚಿತ್ರ. ಕಾರಿನಲ್ಲಿ ಒಂದೇ ಕಾದಂಬರಿಯ ಧ್ವನಿಮುದ್ರಣ ಕೇಳಿ ತಾಯಿ-ಮಗಳಿಬ್ಬರೂ ಜೊತೆಯಾಗಿ ಕಣ್ಣೊರೆಸಿಕೊಂಡು, ಮರುಕ್ಷಣವೇ ರೇಡಿಯೊ ಹಾಕುವ ವಿಷಯಕ್ಕೆ ಜಗಳಕ್ಕಿಳಿಯುತ್ತಾರೆ. ಅದು ಮಗಳು ಓಡುವ ಕಾರಿನಿಂದ ಹಾರುವಲ್ಲಿಗೆ ಹೋಗಿ ಮುಟ್ಟುತ್ತದೆ. ಹಳೆ ಬಟ್ಟೆಯಂಗಡಿಯಲ್ಲಿಯೂ ಹೀಗೆಯೇ. ಮಾತಿಗೆ ಮಾತು ಬೆಳೆಯುತ್ತಿರುವಾಗ ತಾಯಿಯ ಕೈಗೆ ಒಂದು ಚೆಂದದ ಉಡುಪು ಸಿಗುತ್ತದೆ, ಜಗಳ ಅಲ್ಲೇ ಬಿದ್ದುಹೋಗಿ ಇಬ್ಬರೂ ಒಟ್ಟಿಗೆ ಹಿಗ್ಗುತ್ತಾರೆ. ನಿಜಜೀವನದ ಮುನಿಸುಗಳು ಹೀಗೆಯೇ ಇರುತ್ತವಲ್ಲವೇ? ಸಾಯರ್ಷ ರೋನನ್ ಅಭಿನಯಿಸಿದ ಮಗಳು ಬಟ್ಟೆ ಬದಲಿಸುವ ಕೋಣೆಯಿಂದ, ಪ್ರೀತಿಯ ಮಾತಿರಲಿ, ನಾನು ನಿನಗೆ ಇಷ್ಟವಾಗುತ್ತೇನೆಯೇ ಎಂಬರ್ಥದ ಪ್ರಶ್ನೆ ಕೇಳಿದಾಗ ಲಾರಿ ಮೆಟ್‌ಕಾಫ್ ಅಭಿನಯಿಸಿದ ತಾಯಿ ಒಂದು ಕ್ಷಣ ತಡೆಯುತ್ತಾಳೆ. ಜೊತೆಯಲ್ಲಿ ಕುಳಿತು ನೋಡುತ್ತಿದ್ದ ನನ್ನ ಮಗಳು ಆ ಹೊತ್ತಿಗೆ ಸರಿಯಾಗಿ ನೀರು ಕುಡಿಯಲು ಎದ್ದುಹೋದಳು. ಈ ಚಿತ್ರದಲ್ಲಿ ರಾಜಿ ತರುವುದು ದೂರ: ತಾಯಿ ಬರೆದು ಮುದುಡಿ ಎಸೆದ ಪತ್ರಗಳನ್ನು ತಂದೆ ಎತ್ತಿಟ್ಟು ಮಗಳ ಪೆಟ್ಟಿಗೆಯಲ್ಲಿ ಸೇರಿಸಿರುತ್ತಾನೆ, ಬೇರೆ ಊರಿಗೆ ಹೋದ ಮಗಳು ಅವನ್ನು ಓದುತ್ತಾಳೆ.

ಹಾಗಾಗಿ ಮಗಳೊಂದಿಗೆ ಕುಳಿತು ನೋಡಲು ‘ಲೇಡಿ ಬರ್ಡ್’, ಮಾತು ನಿಂತು ವರ್ಷಗಳಾಗಿರುವ ತಾಯಿಯೊಂದಿಗೆ ನೋಡಲು ‘ಉನಿಶೇ ಏಪ್ರಿಲ್’ ಎಂದು ನಾನು ಹೇಳುತ್ತೇನೆ. ‘ಆಟಮ್ ಸೊನಾಟಾ’ ನಾಲ್ಕರಲ್ಲಿ ದೊಡ್ಡದು, ಆದರೆ ಅದನ್ನು ಒಬ್ಬರೇ ನೋಡಬೇಕು. ನನ್ನ ಅಮ್ಮ ಅದರ ಕಥೆಯನ್ನು ನನ್ನ ಬಾಯಿಂದ ಕೇಳಿದವರು, ಆ ಮಗಳು ಬರೆದ ಪತ್ರಕ್ಕೆ ಉತ್ತರ ಬಂತೇ ಎಂದು ಕೇಳಿದರು. ಚಿತ್ರ ಅದನ್ನು ಹೇಳುವುದಿಲ್ಲ ಎಂದೆ. ‘ಬಂದಿರುತ್ತದೆ ಬಿಡು’ ಎಂದರು.