ಜೆ-ಟ್ಯೂಬ್: ಮನೆಯಲ್ಲಿ ತಿಂಗಳುಗಟ್ಟಲೆ ಬಳಸಿದ ಮೇಲೆ

ಅನ್ನನಾಳದ ಕ್ಯಾನ್ಸರ್ ಆಪರೇಷನ್ ವೇಳೆ ಹೊಟ್ಟೆಯ ಮೇಲಿಂದ ಸಣ್ಣ ಕರುಳಿಗೆ ಆಹಾರ ಕೊಡಲು ಹಾಕುವ ಜೆಜುನಾಸ್ಟಮಿ ಟ್ಯೂಬ್ ಇದು. ಮನೆಯ ಬಳಕೆಗೆ ಮೂಗಿನ ರೈಲ್ಸ್ ಟ್ಯೂಬ್‌ಗಿಂತ ಎಷ್ಟೋ ಮೇಲು. ಗಂಟಲು ಕೆರೆಯುವುದಿಲ್ಲ, ಅಂಗಿಯೊಳಗೆ ಮರೆಯಾಗುತ್ತದೆ, ಬಾಯಲ್ಲಿ ತಿಂದದ್ದು ಸಾಲದ ವಾರಗಳಲ್ಲಿ ತೂಕ ಇಳಿಯದಂತೆ ಕಾಯುತ್ತದೆ.

ತೊಂದರೆ ಇರುವುದು ಅದರ ಸಣ್ಣ ದಾರಿಯಲ್ಲಿ. 12 ಫ್ರೆಂಚ್ (ಟ್ಯೂಬಿನ ದಪ್ಪದ ಅಳತೆ) ಎಂದರೆ ಹೊರ ಅಗಲವೇ 4 ಮಿ.ಮೀ. ರಾಗಿ ಗಂಜಿ ಎಷ್ಟು ಸೋಸಿದರೂ ಆರಿದ ಮೇಲೆ ಒಳಗೆ ಹಿಡಿದುಕೊಳ್ಳುತ್ತದೆ. ಜಠರದ ಆಮ್ಲ ತಾಗದೆ ನೇರ ಕರುಳಿಗೆ ಹೋಗುವುದರಿಂದ ಶುಚಿಯೂ ಹೆಚ್ಚು ಬೇಕು. ಆದ್ದರಿಂದ ಡಯಟಿಷಿಯನ್ ಬರೆದುಕೊಟ್ಟ ಫೀಡ್ (ಟ್ಯೂಬಿನ ದ್ರವಾಹಾರ) ಬಿಟ್ಟು ಬೇರೇನೂ ಬೇಡ. ಕಲಸಿದ ಪುಡಿಯ ಫೀಡನ್ನು ಚೀಲದಲ್ಲಿ 4 ಗಂಟೆಗಿಂತ ಹೆಚ್ಚು ಹೊತ್ತು ನೇತುಹಾಕಬಾರದು.

ಫೀಡಿಗೆ ಮೊದಲು, ಆಮೇಲೆ, ನಡುವೆ 4–6 ಗಂಟೆಗೊಮ್ಮೆ, ಔಷಧಿಯ ಹಿಂದೆ-ಮುಂದೆ ಕುದಿಸಿ ಆರಿಸಿದ ನೀರು 30 ಮಿ.ಲೀ. ಬಿಡಬೇಕು. ಸಿರಿಂಜ್ 50 ಮಿ.ಲೀ.ದ್ದೇ ಇರಲಿ, ಚಿಕ್ಕ ಸಿರಿಂಜಿನ ಒತ್ತಡಕ್ಕೆ ಟ್ಯೂಬ್ ಒಡೆಯಬಹುದು. ಕಟ್ಟಿಕೊಂಡರೆ ಉಗುರುಬೆಚ್ಚಗಿನ ನೀರು ತುಂಬಿ 10–15 ನಿಮಿಷ ಬಿಟ್ಟು ಮೆಲ್ಲಗೆ ಹಿಂದೆ-ಮುಂದೆ ಎಳೆದು ನೋಡಿ. ತಂತಿ ತೂರಿಸಲೇಬೇಡಿ. ಕೋಲಾ ಬಿಟ್ಟರೆ ಫೀಡಿನ ಪ್ರೋಟೀನ್ ಒಡೆದು ಇನ್ನಷ್ಟು ಗಟ್ಟಿಯಾಗುತ್ತದೆ. ನಿಧಾನವಾಗಿ ಕರಗುವ ಮಾತ್ರೆಗಳನ್ನು ಪುಡಿ ಮಾಡುವಂತಿಲ್ಲ, ಸಿರಪ್ ಸಿಗುತ್ತದೆಯೇ ಎಂದು ಡಾಕ್ಟರನ್ನು ಕೇಳಿ.

ವೇಗದಲ್ಲೂ ಎಚ್ಚರ ಬೇಕು. ಜಠರದಂತೆ ಸಣ್ಣ ಕರುಳು ಆಹಾರವನ್ನು ಕೂಡಿಟ್ಟುಕೊಳ್ಳುವುದಿಲ್ಲ. ಒಮ್ಮೆಗೇ 200 ಮಿ.ಲೀ. ನೂಕಿದರೆ ಹೊಟ್ಟೆನುಲಿತ, ಬೆವರು, ಭೇದಿ. ಪಂಪ್ ಇದ್ದರೆ ಒಳ್ಳೆಯದು. ಇಲ್ಲದಿದ್ದರೆ 20 ಹನಿಗೆ 1 ಮಿ.ಲೀ. ಬೀಳುವ ಡ್ರಿಪ್ ಸೆಟ್ಟಿನಲ್ಲಿ ಗಂಟೆಗೆ 60 ಮಿ.ಲೀ. ಎಂದರೆ ನಿಮಿಷಕ್ಕೆ 20 ಹನಿ. ಫೀಡ್ ಹೋಗುತ್ತಿರುವಾಗ ತಲೆಯ ಕಡೆ 30–45 ಡಿಗ್ರಿ ಎತ್ತರ ಇರಲಿ.

ಟ್ಯೂಬನ್ನು ಹಿಡಿದಿಡುವುದು ಚರ್ಮದ ಹೊಲಿಗೆ, ಅದು ಸಡಿಲವಾಗುತ್ತದೆ. ಚರ್ಮದ ಮಟ್ಟದಲ್ಲಿ ಪೆನ್ನಿನ ಗುರುತು ಹಾಕಿ ದಿನಾ ನೋಡಿ. ಗುರುತು ಸರಿದಿದ್ದರೆ ಫೀಡ್ ನಿಲ್ಲಿಸಿ ಫೋನ್ ಮಾಡಿ. ಪೂರ್ತಿ ಹೊರಬಂದರೆ ಮನೆಯಲ್ಲಿ ಮರಳಿ ತೂರಿಸದೆ, ಹಳೆಯ ಟ್ಯೂಬ್ ಹಿಡಿದು ತಕ್ಷಣ ಆಸ್ಪತ್ರೆಗೆ ಹೋಗಿ. ರಂಧ್ರ ಕೆಲವೇ ಗಂಟೆಗಳಲ್ಲಿ ಕಿರಿದಾಗುತ್ತದೆ. ಸುತ್ತ ಒಸರಿ ಚರ್ಮ ಉರಿದರೆ ಜಿಂಕ್ ಆಕ್ಸೈಡ್ ಮುಲಾಮು ಸಾಕಾಗುತ್ತದೆ. ಕೀವು, ಜ್ವರ ಇದ್ದರೆ ಸಾಲದು.

ಬಾಯಲ್ಲಿ ಊಟ ಸೇರತೊಡಗಿ ಫೀಡ್ ನಿಲ್ಲಿಸಿದ ಮೇಲೂ, ಡಾಕ್ಟರು ಟ್ಯೂಬ್ ತೆಗೆಯುವವರೆಗೆ ದಿನಕ್ಕೆರಡು ಸಲ ನೀರು ಬಿಡುತ್ತಲೇ ಇರಬೇಕು.