ಇಯರ್‌ಬಡ್ಸ್ ಚಾರ್ಜ್ ತಾನಾಗೇ ಇಳೀತಿದೆ ಅಂತ ಕೇಸ್ ಬಿಚ್ಚಿಸಬೇಡಿ

ನನ್ನ ಇಯರ್‌ಬಡ್ಸ್ ಕೇಸ್ ಮೇ ತಿಂಗಳಲ್ಲಿ ಚಾರ್ಜಿಗೆ ಹಾಕಿದಲ್ಲೇ ಉಬ್ಬಿತು. ಅದರಿಂದ ಒಂದು ಮೊಳ ದೂರದಲ್ಲಿ ಜೀನ್ಸ್ ಬಟ್ಟೆಯ ಕಟಿಂಗ್ ಚೂರುಗಳ ರಾಶಿ ಇತ್ತು. ಬೆಂಕಿ ಹತ್ತಲಿಲ್ಲ, ಪುಣ್ಯ. ಇಷ್ಟೆಲ್ಲ ಶುರುವಾಗಿದ್ದು ಒಂದು ಸಣ್ಣ ತಕರಾರಿನಿಂದ. ಬಡ್ಸ್ ಬಳಸದೆ ಇಟ್ಟರೂ ಚಾರ್ಜ್ ಇಳಿದುಹೋಗುತ್ತಿತ್ತು. ಇದೇ ತಕರಾರು ಇರುವವರು ಯಾರಾದರೂ ಅಂಗಡಿಗೆ ಓಡುವ ಮುಂಚೆ ಇದನ್ನು ಓದಲಿ ಅಂತ ಬರೆಯುತ್ತಿದ್ದೇನೆ.

ನಾನು ಬಳ್ಳಾರಿಯ ಕೌಲ್ ಬಜಾರ್ ಕಡೆ ಒಂದು ಜೀನ್ಸ್ ಹೊಲಿಯುವ ಯೂನಿಟ್‌ನಲ್ಲಿ ಲೆಕ್ಕ ಬರೆಯುತ್ತೇನೆ. ಅಪ್ಪ, ಅವ್ವ ಸಿರುಗುಪ್ಪದಲ್ಲಿದ್ದಾರೆ. ಮಷೀನುಗಳ ಸದ್ದಿನಲ್ಲಿ ಫೋನ್ ಮಾತು ಸರಿಯಾಗಿ ಕೇಳಿಸುವುದಿಲ್ಲ. ಅದಕ್ಕೇ 1,800 ರೂಪಾಯಿ ಕೊಟ್ಟು ಬಡ್ಸ್ ತಗೊಂಡಿದ್ದೆ. ಎಂಟು ತಿಂಗಳು ಚೆನ್ನಾಗಿಯೇ ಇದ್ದವು.

ಆಮೇಲೆ ಬಲಗಿವಿಯದು ಕೈಕೊಡೋಕೆ ಶುರುವಾಯಿತು. ರಾತ್ರಿ 80 ಇದ್ದದ್ದನ್ನು ಕೇಸಿನಲ್ಲಿ ಇಟ್ಟರೆ ಬೆಳಗ್ಗೆ ಸೊನ್ನೆ. ಎಡಗಿವಿಯದು ಮಾತ್ರ 100. ಇದನ್ನು ನೆನಪಿಟ್ಟುಕೊಳ್ಳಿ, ಮುಂದೆ ಬರುತ್ತದೆ.

ಇದರ ಜೊತೆಗೆ ಇನ್ನೊಂದು ಆಗುತ್ತಿತ್ತು. ಎರಡಕ್ಕೂ ಸಂಬಂಧ ಇದೆ ಅಂತ ನನಗೆ ಹೊಳೆದಿರಲಿಲ್ಲ. ಒಂದು ರಾತ್ರಿ ಹತ್ತರ ಹೊತ್ತಿಗೆ ಅವ್ವನ ಫೋನ್ ಬಂತು. ಎತ್ತಿದರೆ ಮಾತೇ ಇಲ್ಲ. ನಾನು ಹಲೋ ಹಲೋ ಅಂದೆ, ಕಟ್ ಆಯಿತು. ಮತ್ತೆ ಬಂತು, ಮತ್ತೆ ಹಾಗೇ. ನೆಟ್‌ವರ್ಕ್ ಇಲ್ಲ ಅಂದುಕೊಂಡು ಮಲಗಿದೆ. ಬೆಳಗ್ಗೆ ಪಕ್ಕದ ಮನೆಯವರು ಫೋನ್ ಮಾಡಿದಾಗ ಗೊತ್ತಾಯಿತು, ಅಪ್ಪ ಬಚ್ಚಲಲ್ಲಿ ಜಾರಿ ಬಿದ್ದಿದ್ದರು. ಅವ್ವ ಒಬ್ಬಳೇ ರಾತ್ರಿಯೆಲ್ಲ ಅವರ ಪಕ್ಕ ಕೂತಿದ್ದಳು. ಅಪ್ಪ ಈಗ ಆರಾಮಾಗಿದ್ದಾರೆ. ಆದರೆ ಆ ರಾತ್ರಿ ಅವ್ವನ ಮಾತು ಹೋಗಿದ್ದು ನನ್ನ ಬ್ಯಾಗಿನಲ್ಲಿ, ಮುಚ್ಚಿದ ಕೇಸಿನೊಳಗಿದ್ದ ಬಲಗಿವಿಯ ಬಡ್‌ಗೆ. ಅದು ಆಫ್ ಆಗದೆ ಫೋನಿಗೆ ಅಂಟಿಕೊಂಡೇ ಇತ್ತು.

ಇದು ನನಗೆ ಆಮೇಲೆ ತಿಳಿದದ್ದು. ಆಗ ತಿಳಿದಿದ್ದರೆ ಪೇಟೆಯ ಆ ರಿಪೇರಿ ಅಂಗಡಿಗೆ ಹೋಗುತ್ತಿರಲಿಲ್ಲ.

ಅಂಗಡಿಯವರು ಬಡ್ಸನ್ನು ಕೈಗೆ ತಗೊಂಡು ನೋಡಲೂ ಇಲ್ಲ. "ಅಕ್ಕಾ, ಕೇಸ್ ಬ್ಯಾಟರಿ ವೀಕ್ ಆಗೈತಿ. ಹೊಸಾದು ಹಾಕಿದ್ರ ಸರಿ ಹೋಗ್ತೈತಿ" ಅಂದರು. 450 ರೂಪಾಯಿ. ವಾರಂಟಿ ಇನ್ನೂ ನಾಲ್ಕು ತಿಂಗಳು ಇದೆ ಅಂದೆ. "ಕಂಪನಿಗೆ ಕಳಿಸಿದ್ರ ತಿಂಗಳುಗಟ್ಟಲೆ ಕಾಯಬೇಕ್ರಿ" ಅಂದರು. ನಾನು ಹೂಂ ಅಂದುಬಿಟ್ಟೆ. ಕೇಸಿನ ಬ್ಯಾಟರಿಯೇ ಹೋಗಿದ್ದರೆ ಎಡಗಿವಿಯದು ಹೇಗೆ 100 ಇರುತ್ತಿತ್ತು? ಒಂದೇ ಕೇಸ್, ಒಂದೇ ಬ್ಯಾಟರಿ ಅಲ್ವಾ? ಈ ಒಂದು ಪ್ರಶ್ನೆ ಆಗ ಕೇಳಬೇಕಿತ್ತು.

ಬಿಸಿಗಾಳಿ ಬಿಟ್ಟು, ಬ್ಲೇಡ್ ಹಾಕಿ ಕೇಸ್ ಮೀಟಿದರು. ಒಳಗಿನ ಬ್ಯಾಟರಿ ಬೆಳ್ಳಿ ಬಣ್ಣದ ಸಣ್ಣ ಚೀಲದ ಹಾಗಿತ್ತು. ಅದರ ಒಂದು ತುದಿಯಲ್ಲಿ ಹಳದಿ ಟೇಪಿನ ಕೆಳಗೆ ಪುಟ್ಟ ಬೋರ್ಡ್ ಇತ್ತು. ಚಾರ್ಜ್ ಮಿತಿಮೀರಿದರೆ, ಶಾರ್ಟ್ ಆದರೆ ಕರೆಂಟ್ ಕಡಿಯುವುದು ಆ ಬೋರ್ಡಿನ ಕೆಲಸ. ಹೊಸ ಬ್ಯಾಟರಿಯಲ್ಲಿ ಅದು ನನಗೆ ಕಾಣಲಿಲ್ಲ. ಹಳೆಯದಕ್ಕಿಂತ ದಪ್ಪ ಬೇರೆ ಇತ್ತು. ಹೆಬ್ಬೆರಳಲ್ಲಿ ಒತ್ತಿ ಕೂರಿಸಿ ಗಮ್ ಹಾಕಿದರು. ಲಿಥಿಯಂ ಬ್ಯಾಟರಿಯನ್ನು ಹಾಗೆ ಒತ್ತಲೇಬಾರದು. ಒಳಗಿನ ಪದರಗಳು ಒಂದಕ್ಕೊಂದು ತಾಗಿದರೆ ಅಲ್ಲೇ ಬಿಸಿಯಾಗಿ ಗ್ಯಾಸ್ ತುಂಬಿಕೊಳ್ಳುತ್ತದೆ.

ಬಲಗಿವಿಯದು ಮರುದಿನವೂ ಖಾಲಿಯೇ.

ಎರಡು ವಾರ ಆಗಿರಬಹುದು. ನಮ್ಮ ಯೂನಿಟ್‌ಗೆ ತಗಡಿನ ಛಾವಣಿ. ಬಳ್ಳಾರಿ ಬೇಸಿಗೆ ಹೇಗೆ ಅಂತ ನಿಮಗೆ ಹೇಳಬೇಕಿಲ್ಲ, ಹೊರಗೆ 40 ದಾಟಿದರೆ ತಗಡಿನ ಕೆಳಗೆ ಇನ್ನೂ ಜಾಸ್ತಿ. ಊಟಕ್ಕೆ ಹೋಗುವಾಗ ಕೇಸನ್ನು ಕಟಿಂಗ್ ಟೇಬಲ್ ಮೇಲೆ ಚಾರ್ಜಿಗೆ ಹಾಕಿದ್ದೆ. ಬಂದು ನೋಡಿದರೆ ಗಮ್ ಹಾಕಿದ ಗೆರೆ ಬಾಯಿ ಬಿಟ್ಟಿತ್ತು, ಮುಚ್ಚಳ ಓರೆಯಾಗಿತ್ತು. ಮುಟ್ಟಿದರೆ ಸುಡುತ್ತಿತ್ತು. ಬಣ್ಣದ ಅಂಗಡಿಯಲ್ಲಿ ಬರುತ್ತದಲ್ಲ, ಥಿನ್ನರ್ ತರದ್ದು, ಆ ವಾಸನೆ. ಮಾಸ್ಟರ್ ಓಡಿ ಬಂದು ಮೇನ್ ಸ್ವಿಚ್ ಆಫ್ ಮಾಡಿದರು. ವೈರ್ ಹಿಡಿದೇ ಎಳೆದುಕೊಂಡು ಹೋಗಿ ಹೊರಗಿನ ಮರಳಿನ ಬಕೆಟ್ಟಿಗೆ ಹಾಕಿದರು. ಒಳಗೆ ಇಪ್ಪತ್ತು ಜನ ಹೊಲಿಯುತ್ತಿದ್ದರು. ಸುತ್ತ ಬರೀ ಬಟ್ಟೆ, ದಾರ, ನೂಲಿನ ಧೂಳು. ಆ ಮಧ್ಯಾಹ್ನ ನನಗೆ ಕೆಲಸ ಮಾಡಲು ಆಗಲಿಲ್ಲ.

ನಿಜವಾದ ಕಾರಣ ಕಂಡುಹಿಡಿದದ್ದು ಓವರ್‌ಲಾಕ್ ಮಷೀನಿನ ಹುಡುಗ. ಅವನ ಹತ್ತಿರವೂ ಅದೇ ಮಾಡೆಲ್ ಬಡ್ಸ್ ಇವೆ. ಮೊಬೈಲ್ ಟಾರ್ಚ್ ಬಿಟ್ಟು ನನ್ನ ಬಲಗಿವಿಯ ಬಡ್‌ನ ಕೆಳಭಾಗ ನೋಡಿದ. ಚಾರ್ಜ್ ಆಗಲು ಎರಡು ಸಣ್ಣ ಲೋಹದ ಚುಕ್ಕೆಗಳು ಇರುತ್ತವಲ್ಲ, ಅವುಗಳ ಮೇಲೆ ನೀಲಿ ಪೊರೆ. ಜೀನ್ಸ್ ನೂಲಿನ ಧೂಳು, ಬೆವರು, ಕಿವಿಯ ಗುಗ್ಗೆ ಸೇರಿ ಮೆತ್ತಿಕೊಂಡಿತ್ತು. ಒಣ ಹತ್ತಿಕಡ್ಡಿಯಿಂದ ಉಜ್ಜಿ ತನ್ನ ಕೇಸಿನಲ್ಲಿ ಇಟ್ಟ. ಕೆಂಪು ಲೈಟ್ ಹತ್ತಿತು. ನನ್ನ ಫೋನಿನಲ್ಲಿ ಬ್ಲೂಟೂತ್ ಕನೆಕ್ಷನ್ ತಾನಾಗೇ ಕಡಿಯಿತು. ಎರಡೇ ನಿಮಿಷದ ಕೆಲಸ.

ವಿಷಯ ಇಷ್ಟೇ. ಸಾಮಾನ್ಯವಾಗಿ ಬಡ್ ತಾನು ಕೇಸಿನಲ್ಲಿದ್ದೇನೆ ಅಂತ ತಿಳಿಯುವುದು ಆ ಚುಕ್ಕೆಗಳಿಗೆ ಕೇಸಿನ ಪಿನ್ ತಾಗಿದಾಗ. ತಾಗಿದರೆ ಚಾರ್ಜ್ ಆಗುತ್ತದೆ, ಫೋನಿನಿಂದ ಬಿಟ್ಟುಕೊಳ್ಳುತ್ತದೆ. ಮಧ್ಯೆ ಕೊಳೆ ಇದ್ದರೆ ಎರಡೂ ಆಗುವುದಿಲ್ಲ. ಕಿವಿಯಲ್ಲೇ ಇದ್ದೇನೆ ಅನ್ನುವ ಹಾಗೆ ರಾತ್ರಿಯೆಲ್ಲ ಎಚ್ಚರವಾಗಿದ್ದು ಖಾಲಿಯಾಗುತ್ತದೆ. ಬ್ಯಾಟರಿ ತಾನಾಗೇ ಸೋರುವುದು ತುಂಬಾ ಕಡಿಮೆ. ಒಳ್ಳೆಯ ಲಿಥಿಯಂ ಬ್ಯಾಟರಿ ಬರೀ ಇಟ್ಟರೆ ತಿಂಗಳಿಗೆ ನೂರರಲ್ಲಿ ಕೆಲವೇ ಭಾಗ ಇಳಿಯುತ್ತದೆ. ಒಂದೇ ರಾತ್ರಿಗೆ 80 ಇಳಿಯಿತು ಅಂದರೆ ಏನೋ ಒಂದು ಆನ್ ಆಗಿಯೇ ಇದೆ ಅಂತ ಮೊದಲು ಯೋಚಿಸಿ.

ಮನೆಯಲ್ಲೇ ನೋಡಿಕೊಳ್ಳಬಹುದು. ಬಡ್ಸ್ ಇಟ್ಟು ಮುಚ್ಚಳ ಹಾಕಿ, ಒಂದು ನಿಮಿಷ ಬಿಟ್ಟು ಫೋನಿನ ಬ್ಲೂಟೂತ್ ಪಟ್ಟಿ ತೆರೆಯಿರಿ. ಆಗಲೂ ಕನೆಕ್ಟೆಡ್ ಅಂತ ಇದ್ದರೆ ಕಳ್ಳ ಸಿಕ್ಕ ಹಾಗೆ. ಒಂದು ರಾತ್ರಿ ಫೋನಿನ ಬ್ಲೂಟೂತ್ ಆಫ್ ಮಾಡಿ ಮಲಗಿ. ಚಾರ್ಜ್ ಇಳಿಯುವುದು ಕಡಿಮೆಯಾದರೂ ಉತ್ತರ ಅದೇ. ಒಂದೇ ಬಡ್ ಇಳಿಯುತ್ತಿದ್ದರೆ ಹೆಚ್ಚಾಗಿ ಕೊಳೆಯೇ. ಬಡ್ಸ್ ತುಂಬಿದ್ದು ಕೇಸ್ ಮಾತ್ರ ದಿನವೂ ಬೇಗ ಖಾಲಿ ಆಗುತ್ತಿದ್ದರೆ, ಆಗ ಕೇಸಿನ ಬ್ಯಾಟರಿ ಮೇಲೆ ಅನುಮಾನ ಪಡಿ. ಕಿವಿಯ ರಬ್ಬರ್ ದೊಡ್ಡದು ಹಾಕಿಸಿದ್ದರೆ ಬಡ್ ಪೂರ್ತಿ ಕೂರುವುದಿಲ್ಲ, ಅದನ್ನೂ ತೆಗೆದು ನೋಡಿ.

ಒರೆಸುವಾಗ ಒಣ ಹತ್ತಿಕಡ್ಡಿ ಸಾಕು. ಹೋಗದಿದ್ದರೆ ಅದಕ್ಕೆ ಮೆಡಿಕಲ್ ಶಾಪಿನ ಐಸೋಪ್ರೊಪೈಲ್ ಆಲ್ಕೋಹಾಲ್ ಒಂದು ಹನಿ. ಪೂರ್ತಿ ಒಣಗಿದ ಮೇಲೇ ಕೇಸಿಗೆ ಇಡಿ. ಸ್ಪೀಕರ್ ಜಾಲರಿಗೆ ತಾಗಿಸಬೇಡಿ. ಸೂಜಿ, ಪಿನ್ನು, ಉಪ್ಪುಕಾಗದ ಬೇಡವೇ ಬೇಡ. ಮೇಲಿನ ಲೇಪ ಕೆರೆದುಹೋದರೆ ಆಮೇಲೆ ಬೆವರಿಗೆ ಬೇಗ ಕಿಲುಬು ಹಿಡಿಯುತ್ತದೆ. ಇಷ್ಟು ಮಾಡಿಯೂ ಸರಿ ಹೋಗದಿದ್ದರೆ ಫೋನಿನಿಂದ ಬಡ್ಸ್ ಹೆಸರು ಅಳಿಸಿ, ರಿಸೆಟ್ ಮಾಡಿ ಮತ್ತೆ ಸೇರಿಸಿ. ಆಮೇಲೆ ಬಿಲ್ ಹಿಡಿದು ಕಂಪನಿಯ ಸರ್ವಿಸ್ ಸೆಂಟರಿಗೇ ಹೋಗಿ. ವಾರಂಟಿ ಇದ್ದೂ ಸತಾಯಿಸಿದರೆ 1915ಕ್ಕೆ ಫೋನ್ ಮಾಡಿ, ಅದು ರಾಷ್ಟ್ರೀಯ ಗ್ರಾಹಕ ಸಹಾಯವಾಣಿ. ನನಗೆ ಆ ದಾರಿಯೂ ಉಳಿಯಲಿಲ್ಲ. ಸರ್ವಿಸ್ ಸೆಂಟರಿನವರು ಬ್ಲೇಡಿನ ಗುರುತು ನೋಡಿದ ಕೂಡಲೇ ವಾರಂಟಿ ರದ್ದು ಅಂದರು. ಬರೀ ಕೇಸ್ ಬೇರೆಯಾಗಿ ಕೊಡುವುದಿಲ್ಲ ಅಂದರು. ಚೆನ್ನಾಗಿರುವ ಎರಡು ಬಡ್ಸ್ ಈಗ ನನ್ನ ಮೇಜಿನ ಡ್ರಾಯರ್‌ನಲ್ಲಿವೆ.

ಈಗಾಗಲೇ ಎಲ್ಲಾದರೂ ಕೇಸ್ ಬಿಚ್ಚಿಸಿ ಬ್ಯಾಟರಿ ಹಾಕಿಸಿಕೊಂಡಿದ್ದೀರಾ? ಇವತ್ತೇ ಅದನ್ನು ಸಮನಾದ ಮೇಜಿನ ಮೇಲೆ ಇಟ್ಟು ನೋಡಿ. ಮುಂಚೆ ನೆಟ್ಟಗೆ ಕೂರುತ್ತಿದ್ದದ್ದು ಈಗ ಅಲುಗಾಡಿದರೆ, ಅಂಟಿಸಿದ ಗೆರೆ ಬಿರಿದಿದ್ದರೆ, ಮುಚ್ಚಳ ಸರಿಯಾಗಿ ಕೂರದಿದ್ದರೆ ಮತ್ತೆ ಚಾರ್ಜಿಗೆ ಹಾಕಬೇಡಿ. ಒತ್ತಬೇಡಿ, ಚುಚ್ಚಬೇಡಿ, ಕಸದ ಬುಟ್ಟಿಗೂ ಬೇಡ. ಬಟ್ಟೆ, ಹಾಸಿಗೆ, ಗ್ಯಾಸ್ ಒಲೆಯಿಂದ ದೂರ, ಮನೆಯ ಹೊರಗೆ ನೆರಳಿನಲ್ಲಿ ಇಡಿ. ಹಳೆ ಬ್ಯಾಟರಿ ತಗೊಳ್ಳುವವರು ಸಿಗುವ ತನಕ ಮಕ್ಕಳ ಕೈಗೆ ಸಿಗದ ಹಾಗೆ ನೋಡಿಕೊಳ್ಳಿ.