ಎರಡಂತಸ್ತಿನ ಮಂಚಕ್ಕೆ ಮುಂಗಡ ಕೊಡುವ ಮೊದಲು ಫ್ಯಾನಿನ ಎತ್ತರ ಅಳೆಯಿರಿ

ಹತ್ತು ಅಡಿ ಉದ್ದ, ಹತ್ತು ಅಡಿ ಅಗಲದ ಒಂದೇ ಕೋಣೆಯಲ್ಲಿ ಇಬ್ಬರು ಮಕ್ಕಳನ್ನು ಮಲಗಿಸಬೇಕಾದ ತಂದೆತಾಯಿಗಳು ಬಂಕ್ ಬೆಡ್ಡಿಗೆ ಮುಂಗಡ ಕೊಡುವ ಮೊದಲು ಓದಲಿ ಎಂದು ಇದನ್ನು ಬರೆಯುತ್ತಿದ್ದೇನೆ. ಮಕ್ಕಳ ಕೋಣೆಗೆ ಮಂಚ ಬೇಕೆಂದು ವಿಜಯಪುರದ ಫರ್ನಿಚರ್ ಅಂಗಡಿಗಳಿಗೆ ಹೋದಾಗ ನಮಗೆ ಮೊದಲು ತೋರಿಸಿದ್ದು ಒಂದರ ಮೇಲೊಂದು ಕೂರಿಸಿದ ಈ ಮಂಚವನ್ನೇ. ಜಾಗ ಉಳಿಯುತ್ತದೆ, ಮಕ್ಕಳು ಕುಣಿದಾಡುತ್ತಾರೆ, ಕೆಳಗೆ ಆಟಿಕೆ ತುಂಬಲು ಡ್ರಾವರ್ ಕೂಡ ಇರುತ್ತದೆ ಎಂದರು, ಅದೆಲ್ಲ ನಿಜವೇ. ಆದರೆ ಅಂಗಡಿಯ ಎತ್ತರದ ಹಾಲಿನಲ್ಲಿ, ನೆತ್ತಿಯ ಮೇಲೆ ಫ್ಯಾನಿಲ್ಲದ ಮೂಲೆಯಲ್ಲಿ ಚಂದ ಕಂಡ ಮಂಚ ನಮ್ಮ ಕೋಣೆಗೆ ಬಂದ ಮೇಲೆ ಬೇರೆಯೇ ಆಯಿತು. ಅದರ ಬೆಲೆಯನ್ನು ಒಂಬತ್ತು ವರ್ಷದ ಮಗಳು ಎಡಗೈಗೆ ಪ್ಲಾಸ್ಟರ್ ಹಾಕಿಸಿಕೊಂಡು ತೆತ್ತಳು.

ಮಗನಿಗೆ ಇನ್ನೂ ನಾಲ್ಕು ವರ್ಷ. ಮಕ್ಕಳಿಬ್ಬರ ವಯಸ್ಸನ್ನೂ ಕೋಣೆಯ ಅಳತೆಯನ್ನೂ ಅಂಗಡಿಯವರಿಗೆ ಮೊದಲೇ ತಿಳಿಸಿದ್ದೆವು. ಸಣ್ಣ ಹುಡುಗನಿರುವ ಮನೆಗೆ ಇದು ಸುರಕ್ಷಿತವೇ ಎಂದು ನಾನು ಎರಡೆರಡು ಸಲ ಕೇಳಿದಾಗ, "ಏನೂ ಆಗಂಗಿಲ್ರಿ ಅಕ್ಕಾರ, ಎಲ್ಲಾರೂ ಇದನ್ನ ಒಯ್ಯಾಕತ್ತಾರ್ರಿ" ಎಂಬ ಉತ್ತರ ಬಂತು. ಅದರ ಜೊತೆಗೆ, ಮಂಚ ಕೊಂಡವರಿಗೆ ಉಚಿತ ಎಂದು 8 ಇಂಚು ದಪ್ಪದ ಎರಡು ಫೋಮ್ ಗಾದಿಗಳನ್ನೂ ಕೊಟ್ಟರು. ಆ ಗಾದಿಯೇ ಮುಂದಿನ ಅನಾಹುತಕ್ಕೆ ಅರ್ಧ ಕಾರಣವಾಯಿತು.

ಮೊದಲು ಫ್ಯಾನಿನ ಲೆಕ್ಕ ನೋಡಿ. ಮನೆಗಳಲ್ಲಿ ಸಾಮಾನ್ಯವಾಗಿ ಹಾಕುವ ಫ್ಯಾನಿನ ರೆಕ್ಕೆಗಳು ಬೀಸುವ ವೃತ್ತದ ವ್ಯಾಸ 1,200 ಮಿ.ಮೀ., ಅಂದರೆ ಸುಮಾರು 4 ಅಡಿ. ಹತ್ತಡಿ ಕೋಣೆಯ ನಟ್ಟನಡುವೆ ತೂಗುವ ಫ್ಯಾನಿನ ರೆಕ್ಕೆಯ ತುದಿ ಗೋಡೆಯಿಂದ 3 ಅಡಿ ದೂರದಲ್ಲಿ ಸುತ್ತುತ್ತದೆ. ಮಂಚದ ಗಾದಿಯೂ 3 ಅಡಿ ಅಗಲವೇ. ಚೌಕಟ್ಟಿನ ದಪ್ಪ ಸೇರಿದರೆ ಮಂಚದ ಅಂಚು ರೆಕ್ಕೆಯ ಕೆಳಗೇ ಬಂದು ನಿಲ್ಲುತ್ತದೆ. ಇನ್ನು ಎತ್ತರ: ನಮ್ಮ ಕೋಣೆಯ ಸ್ಲ್ಯಾಬ್ 10 ಅಡಿ, ಫ್ಯಾನಿನ ರೆಕ್ಕೆಗಳು ನೆಲದಿಂದ 8 ಅಡಿ 9 ಇಂಚು. ಮೇಲಿನ ಮಂಚದ ಹಲಗೆ ನಾಲ್ಕೂವರೆ ಅಡಿ, ಅದರ ಮೇಲೆ 8 ಇಂಚಿನ ಗಾದಿ. ಒಂಬತ್ತು ವರ್ಷದ ಹುಡುಗಿ ಅದರ ಮೇಲೆ ಎದ್ದು ನಿಂತರೆ ಅವಳ ತಲೆ ರೆಕ್ಕೆಗಿಂತ ಮೇಲಕ್ಕೆ ಹೋಗುತ್ತದೆ. ಮಂಡಿಯೂರಿ ನೆಟ್ಟಗೆ ನಿಂತು ಕೈ ಎತ್ತಿ ಮೈ ಮುರಿದರೂ ಬೆರಳು ರೆಕ್ಕೆಗೆ ತಾಗುತ್ತದೆ. ಒಂದು ಬೆಳಿಗ್ಗೆ ಅವಳು ಮಂಡಿಯೂರಿ ಕುಳಿತು ಕೌದಿ ಕೊಡವುತ್ತಿದ್ದಾಗ ಅದರ ತುದಿ ಫ್ಯಾನಿಗೆ ಸಿಕ್ಕಿ, ಒಂದು ರೆಕ್ಕೆ ಬಾಗಿ, ಕೌದಿ ಅವಳ ಕೈಯಿಂದ ಕಿತ್ತುಕೊಂಡು ಹೋಯಿತು. ಅವಳು ಕೌದಿಯನ್ನು ಗಟ್ಟಿಯಾಗಿ ಹಿಡಿದುಕೊಂಡಿರಲಿಲ್ಲ, ಅಷ್ಟೇ ಪುಣ್ಯ.

ಫ್ಯಾನ್ ಬಂದ್ ಮಾಡಿ ಮಲಗಿಸಿ ಎಂದು ಹೇಳುವವರು ಏಪ್ರಿಲ್, ಮೇ ತಿಂಗಳಲ್ಲಿ ನಮ್ಮ ಜಿಲ್ಲೆಗೆ ಬಂದು ನೋಡಬೇಕು. ಹಗಲು 40 ಡಿಗ್ರಿ ದಾಟುವ ಬಿಸಿಲನ್ನು ಕುಡಿದ ಸ್ಲ್ಯಾಬ್ ರಾತ್ರಿಯೆಲ್ಲ ಅದನ್ನು ಕೆಳಕ್ಕೆ ಬಿಡುತ್ತಿರುತ್ತದೆ. ಬಿಸಿಗಾಳಿ ಮೇಲಕ್ಕೇರಿ ನಿಲ್ಲುವುದೂ ಅಲ್ಲಿಯೇ. ಮೇಲೆ ಮಲಗಿದವರಿಗೆ ಕಾವು ಹೆಚ್ಚು, ಆದರೆ ಗಾಳಿಯಾದರೂ ಇರುತ್ತದೆ. ಕೆಳಗಿನ ಮಂಚಕ್ಕೆ ಮೇಲಿನ ಮಂಚವೇ ಸೂರಾಗಿ, ಫ್ಯಾನಿನ ಗಾಳಿ ಒಂದಿಷ್ಟೂ ಇಳಿಯುವುದಿಲ್ಲ. ಸೊಳ್ಳೆಪರದೆ ಕಟ್ಟಿದರಂತೂ ಕೇಳುವುದೇ ಬೇಡ.

ಮಗಳು ಬಿದ್ದದ್ದು ಇದೇ ಕಾರಣಕ್ಕೆ. ಕೆಳಗೆ ಬೆವರಿ ಎದ್ದ ಮಗ ಕತ್ತಲಲ್ಲಿ ಏಣಿ ಹತ್ತಿ ಅಕ್ಕನ ಪಕ್ಕದಲ್ಲಿ ಗೋಡೆಯ ಕಡೆಗೆ ಸೇರಿಕೊಂಡ. ಮೂರಡಿ ಗಾದಿಯಲ್ಲಿ ಇಬ್ಬರು ಮಲಗಿದಾಗ ಅವಳು ಅಂಚಿಗೆ ಸರಿದಳು, ನಿದ್ದೆಯಲ್ಲಿ ಹೊರಳಿ ರೇಲಿಂಗ್ ದಾಟಿ ಟೈಲ್ಸ್ ಮೇಲೆ ಬಿದ್ದಳು. ಮಣಿಕಟ್ಟಿನ ಮೂಳೆ ಸೀಳಿತು. ಮೂಳೆ ಕೂಡಿಕೊಂಡಿದೆ, ಈಗ ಆರಾಮವಾಗಿದ್ದಾಳೆ. ಆದರೆ ಬಿದ್ದದ್ದು ಅವನಾಗಿದ್ದರೆ ಏನು ಗತಿ ಎಂಬ ಯೋಚನೆ ನನ್ನನ್ನು ಇಂದಿಗೂ ಬಿಟ್ಟಿಲ್ಲ.

ರೇಲಿಂಗ್ ಇದ್ದೂ ಹೇಗೆ ಬಿದ್ದಳು? ಮೇಲಿನ ಮಂಚದ ರೇಲಿಂಗ್ ಹಲಗೆಯಿಂದ 10 ಇಂಚು ಎತ್ತರವಿತ್ತು. ಅದರಲ್ಲಿ 8 ಇಂಚನ್ನು ಉಚಿತ ಗಾದಿಯೇ ನುಂಗಿತ್ತು. ಉಳಿದ ಎರಡು ಇಂಚು ನಿದ್ದೆಯಲ್ಲಿ ಹೊರಳುವ ಮಗುವಿಗೆ ತಡೆಯೇ ಅಲ್ಲ. ಅಮೆರಿಕದಲ್ಲಿ 2000ನೇ ಇಸವಿಯಿಂದ ಜಾರಿಯಲ್ಲಿರುವ ಬಂಕ್ ಬೆಡ್ ನಿಯಮದ ಪ್ರಕಾರ, ರೇಲಿಂಗ್ ಹಲಗೆಯಿಂದಲ್ಲ, ಗಾದಿಯ ಮೇಲ್ಮೈಯಿಂದ ಕನಿಷ್ಠ 5 ಇಂಚು ಎದ್ದು ನಿಲ್ಲಬೇಕು. ಪಟ್ಟಿಗಳ ನಡುವಿನ ಸಂದು ಮೂರೂವರೆ ಇಂಚು ಮೀರಬಾರದು, ಏಕೆಂದರೆ ಅದಕ್ಕಿಂತ ದೊಡ್ಡ ಸಂದಿನಲ್ಲಿ ಮಗುವಿನ ಮೈ ಕಾಲಿನ ಕಡೆಯಿಂದ ನುಸುಳಿ ತಲೆ ಮಾತ್ರ ಸಿಕ್ಕಿಕೊಳ್ಳಬಹುದು. ಮತ್ತು ಆರು ವರ್ಷದೊಳಗಿನ ಮಕ್ಕಳನ್ನು ಮೇಲೆ ಮಲಗಿಸಬಾರದೆಂಬ ಎಚ್ಚರಿಕೆ ಮಂಚದ ಮೇಲೆಯೇ ಅಂಟಿಸಿರಬೇಕು. ನಮ್ಮ ದೇಶದಲ್ಲಿಯೂ ಭಾರತೀಯ ಮಾನಕ ಬ್ಯೂರೋ ಬಂಕ್ ಬೆಡ್ಡಿಗೆಂದೇ ಐಎಸ್ 17636 ಎಂಬ ಪ್ರತ್ಯೇಕ ಮಾನಕವನ್ನು 2022ರಲ್ಲಿ ತಂದಿದೆ. ಆ ಸಂಖ್ಯೆಯನ್ನು ಅಂಗಡಿಯಲ್ಲಿ ಕೇಳಿ ನೋಡಿ. ನಾನು ಆಮೇಲೆ ಕೇಳಿದಾಗ ಅದು ಏನೆಂದು ಅವರಿಗೆ ಗೊತ್ತೇ ಇರಲಿಲ್ಲ.

ಜೋಡಣೆಗೆ ಬಂದ ಹುಡುಗರು ಇನ್ನೊಂದು ಕೆಲಸ ಮಾಡಿದ್ದರು. ಗೋಡೆ ಇದೆಯಲ್ಲ ಎಂದು ಗೋಡೆಯ ಕಡೆಯ ರೇಲಿಂಗನ್ನು ಹಾಕದೆ ಮಂಚದ ಕೆಳಗೆ ಇಟ್ಟು ಹೋಗಿದ್ದರು. ನುಣುಪಾದ ಟೈಲ್ಸ್ ಮೇಲೆ ಮಂಚ ದಿನದಿನಕ್ಕೂ ಒಂದಿಷ್ಟು ಜರುಗಿ ಗೋಡೆಗೂ ಗಾದಿಗೂ ನಡುವೆ ಅಂಗೈ ಅಗಲದ ಸಂದಾಯಿತು. ನಿದ್ದೆಯಲ್ಲಿರುವ ಮಗು ಆ ಸಂದಿನಲ್ಲಿ ಇಳಿದರೆ ಕೂಗಲೂ ಆಗುವುದಿಲ್ಲ; ಎರಡೂ ಬದಿಗೆ ರೇಲಿಂಗ್ ಬೇಕೆನ್ನುವುದು ಇದಕ್ಕಾಗಿಯೇ. ಏಣಿಯೂ ಬೋಲ್ಟ್ ಹಾಕಿ ಬಿಗಿದದ್ದಾಗಿರಲಿಲ್ಲ, ಕೊಕ್ಕೆಗೆ ಸಿಕ್ಕಿಸುವಂಥದ್ದು. ಮರದ ಪುಡಿ ಒತ್ತಿ ಮಾಡಿದ ಭುಸ್ಸಾ ಬೋರ್ಡಿನ ಚೌಕಟ್ಟಿನಲ್ಲಿ ಸ್ಕ್ರೂಗಳು ಒಮ್ಮೆ ಸಡಿಲವಾದರೆ ಮತ್ತೆ ಬಿಗಿ ಹಿಡಿಯುವುದಿಲ್ಲ. ಇನ್ನೊಂದು ಮಾತು, ಇದು ನಮ್ಮ ಮನೆಗಳಿಗೇ ಹೆಚ್ಚು ಹೊಂದುತ್ತದೆ: ಮೇಲಿನ ರೇಲಿಂಗ್ ಕಂಡೊಡನೆ ಮಕ್ಕಳಿಗೆ ಹಳೆಯ ಸೀರೆ ಕಟ್ಟಿ ಜೋಲಿ ಆಡುವ, ಗುಡಿಸಲು ಮಾಡುವ ಆಸೆ ಹುಟ್ಟುತ್ತದೆ. ಸೀರೆ, ವೇಲ್, ಹಗ್ಗ ಯಾವುದನ್ನೂ ಅಲ್ಲಿ ಕಟ್ಟಲು ಬಿಡಬೇಡಿ, ಕುತ್ತಿಗೆಗೆ ಬಿಗಿದುಕೊಳ್ಳುವ ಅಪಾಯವಿದೆ.

ಅಂಗಡಿಗೆ ಹೋಗಿ ಕೇಳಿದಾಗ, ಜೋಡಿಸಿದ ಮಾಲನ್ನು ವಾಪಸ್ ತೆಗೆದುಕೊಳ್ಳುವುದಿಲ್ಲ ಎಂದರು. ನಮ್ಮ ಕೈಯಲ್ಲಿದ್ದದ್ದು ಅವರು ಬಿಲ್ಲಿನ ಬದಲು ಕೊಟ್ಟಿದ್ದ "ಎಸ್ಟಿಮೇಟ್" ಎಂಬ ಚೀಟಿ ಮಾತ್ರ. ಪಕ್ಕಾ ಬಿಲ್ ಆಮೇಲೆ ಕಳಿಸುತ್ತೇವೆ ಎಂದವರು ಕಳಿಸಿರಲಿಲ್ಲ. 2019ರ ಗ್ರಾಹಕ ಸಂರಕ್ಷಣಾ ಕಾಯ್ದೆಯಲ್ಲಿ ಬಿಲ್ ಕೊಡದಿರುವುದೂ, ದೋಷವಿರುವ ಸರಕನ್ನು ಬಿಲ್ಲಿನಲ್ಲಿ ಹೇಳಿದ ಅವಧಿಯೊಳಗೆ, ಅವಧಿ ಹೇಳಿರದಿದ್ದರೆ 30 ದಿನಗಳೊಳಗೆ, ಹಿಂಪಡೆಯಲು ಒಪ್ಪದಿರುವುದೂ ಅನುಚಿತ ವ್ಯಾಪಾರ ಪದ್ಧತಿ ಎನಿಸುತ್ತದೆ. ಮನೆಯವರು ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915ಕ್ಕೆ ಕರೆ ಮಾಡಿ ದೂರು ದಾಖಲಿಸಿದರು. ಚೀಟಿಯ ಚಿತ್ರ, ಹಣ ಕಳಿಸಿದ ಯುಪಿಐ ದಾಖಲೆ, ಗಾದಿಯ ಪಕ್ಕಕ್ಕೆ ಟೇಪು ಹಿಡಿದು ರೇಲಿಂಗಿನ ಎತ್ತರ ತೋರಿಸಿದ ಚಿತ್ರ, ಹಾಕದೇ ಬಿಟ್ಟ ರೇಲಿಂಗಿನ ಚಿತ್ರ ಇವೆಲ್ಲ ಆಗ ಕೆಲಸಕ್ಕೆ ಬಂದವು. ಅಂಗಡಿಯವರು ಕೊನೆಗೆ ಮಂಚವನ್ನು ಒಯ್ದು, ಸಾಗಣೆ ಮತ್ತು ಜೋಡಣೆಯ ಖರ್ಚು ಕಳೆದು ಉಳಿದದ್ದನ್ನು ಕೊಟ್ಟರು. ಖರ್ಚು ಕಳೆದದ್ದು ನ್ಯಾಯವಲ್ಲ ಎಂದೇ ನನ್ನ ಅಭಿಪ್ರಾಯ. ಸಹಾಯವಾಣಿಯಲ್ಲಿ ಬಗೆಹರಿಯದಿದ್ದರೆ ಎರಡು ವರ್ಷಗಳೊಳಗೆ ನಿಮ್ಮ ಜಿಲ್ಲೆಯ ಗ್ರಾಹಕ ಆಯೋಗಕ್ಕೇ ದೂರು ಕೊಡಬಹುದು. ಕೊಟ್ಟ ಹಣ 5 ಲಕ್ಷ ರೂಪಾಯಿಯೊಳಗಿದ್ದರೆ ಅದಕ್ಕೆ ಶುಲ್ಕವೂ ಇಲ್ಲ.

ಈಗ ಓಣಿಯ ಬಡಿಗೇರರಿಂದಲೇ ಎರಡು ತಗ್ಗು ಮಂಚಗಳನ್ನು ಮಾಡಿಸಿದ್ದೇವೆ. ಹಲಗೆ ನೆಲದಿಂದ ಒಂದೇ ಅಡಿ, ಅದರ ಮೇಲೆ 4 ಇಂಚಿನ ಹತ್ತಿ ಗಾದಿ. ಪ್ರತಿ ಮಂಚ ಆರೂವರೆ ಅಡಿ ಉದ್ದ, ಮೂರಡಿ ಅಗಲ. ಒಂದನ್ನು ಒಂದು ಗೋಡೆಗೆ, ಇನ್ನೊಂದನ್ನು ಅದರ ಕಾಲ ಬಳಿಯಿಂದ ಪಕ್ಕದ ಗೋಡೆಗೆ ಹಾಕಿದರೆ ಒಟ್ಟು ಒಂಬತ್ತೂವರೆ ಅಡಿಯಾಗಿ ಹತ್ತಡಿಯೊಳಗೆ ಸರಿಯಾಗಿ ಕೂರುತ್ತದೆ, ಕೋಣೆಯ ಉಳಿದ ಮೂಲೆ ಆಟಕ್ಕೆ ಖಾಲಿ ಉಳಿಯುತ್ತದೆ. ಬಾಗಿಲು ಯಾವ ಕಡೆ ತೆರೆಯುತ್ತದೆ ಎಂಬುದನ್ನು ಮಾತ್ರ ಮೊದಲೇ ನೋಡಿಕೊಳ್ಳಬೇಕು. ಇಷ್ಟೂ ಜಾಗವಿಲ್ಲದವರಿಗೆ ದೊಡ್ಡ ಮಂಚದ ಕೆಳಗಿಂದ ಗಾಲಿಯ ಮೇಲೆ ಎಳೆಯುವ ಇನ್ನೊಂದು ಮಂಚ ಒಳ್ಳೆಯದು. ನಮ್ಮ ಅತ್ತೆಯವರಿಗೆ ಇದೂ ದುಂದೇ, "ಹುಡುಗೂರನ್ನ ನೆಲದ ಮ್ಯಾಲೆ ಮಲಗಸ್ರಿ, ನೆಲದಿಂದ ಯಾರ್ ಬಿದ್ದಾರ?" ಎನ್ನುತ್ತಾರೆ. ಬೇಸಿಗೆಯ ಮಟ್ಟಿಗೆ ಅವರ ಮಾತನ್ನು ತೆಗೆದುಹಾಕಲು ನನಗೆ ಕಾರಣ ಸಿಕ್ಕಿಲ್ಲ.

ಈಗಾಗಲೇ ಬಂಕ್ ಬೆಡ್ ಕೊಂಡವರು ಅದರ ಕಂಬಗಳನ್ನೊಮ್ಮೆ ನೋಡಿ. ಕೆಳಗಿನ ಕಂಬ ಮತ್ತು ಮೇಲಿನ ಕಂಬ ಬೇರೆ ಬೇರೆ ತುಂಡಾಗಿದ್ದು, ನಡುವೆ ಕಬ್ಬಿಣದ ಪಿನ್ನಿನಿಂದ ಕೂಡಿಸಿದ್ದರೆ, ಅದನ್ನು ಬಿಚ್ಚಿ ಎರಡು ಒಂಟಿ ಮಂಚಗಳಾಗಿ ಹಾಕಬಹುದು. ನಮ್ಮದು ಮೇಲಿನಿಂದ ಕೆಳಗಿನವರೆಗೆ ಒಂದೇ ಕಂಬವಾಗಿತ್ತು. ಅಂಥದ್ದಾದರೆ ಮೇಲೆ 4 ಇಂಚಿಗಿಂತ ದಪ್ಪದ ಗಾದಿ ಹಾಕಬೇಡಿ, ಮಂಚವನ್ನು ಫ್ಯಾನಿನಿಂದ ಆದಷ್ಟು ದೂರದ ಮೂಲೆಗೆ ಒತ್ತಿ ಗೋಡೆಗೆ ಬ್ರಾಕೆಟ್ ಹಾಕಿಸಿ, ಎರಡೂ ಬದಿಗೆ ರೇಲಿಂಗ್ ಇದೆಯೇ ನೋಡಿ, ಮನೆಯಲ್ಲಿ ಆರು ವರ್ಷದೊಳಗಿನ ಮಗುವಿದ್ದರೆ ಹಗಲು ಹೊತ್ತು ಏಣಿಯನ್ನು ತೆಗೆದು ಅದರ ಕೈಗೆಟುಕದಂತೆ ಇಡಿ.